ಹಾಡಿಗೊಂದು ವೋಚರ್

“ಮಾತನಾಡುತ್ತಿದ್ದ ಮನುಷ್ಯ ಇದ್ದಕ್ಕಿದ್ದಂತೆ ಹಾಡತೊಡಗಿದರೆ ಅವನನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕೇ ಹೊರತು, ಎದುರಿಗೆ ಕುಳಿತು ಚಪ್ಪಾಳೆ ತಟ್ಟಬಾರದು” ಎಂದು ರಾಯರು ತೀರ್ಪು ಕೊಟ್ಟರು. ಮಾಟುಂಗಾದ ಮಾಸ್ತರರ ಮನೆಯಲ್ಲಿ ಕುಳಿತಿದ್ದ ನಾವು ಉಳಿದ ನಾಲ್ವರೂ ಏಕಕಾಲಕ್ಕೆ ಬಾಯಿ ತೆರೆದೆವು. ಮಾಸ್ತರರು ಮುಂದಿನ ಭಾನುವಾರದ ‘ಸಂಗೀತ ಸೌಭದ್ರ’ ಎಂಬ ಮರಾಠಿ ಸಂಗೀತ ನಾಟಕಕ್ಕೆ ಐದು ಟಿಕೇಟುಗಳನ್ನು ತಂದು, ಒಂದನ್ನು ರಾಯರ ಮುಂದೆ ಇಟ್ಟಿದ್ದೇ ಈ ತೀರ್ಪಿಗೆ ಕಾರಣ. ರಾಯರು ಮೈಸೂರು ಕಡೆಯವರು, ಲೆಕ್ಕಪರಿಶೋಧಕರು. ಟಿಕೇಟನ್ನು ಹಿಂದುಮುಂದು ತಿರುಗಿಸಿ ನೋಡಿ, ಅದು ಅಸಲಿಯೇ ಎಂದು ಖಾತ್ರಿಪಡಿಸಿಕೊಂಡ ಮೇಲೆಯೇ ಅವರು ಬೇಡವೆಂದದ್ದು.

“ಸುಭದ್ರೆಗೆ ಅರ್ಜುನನ ಮೇಲೆ ಪ್ರೀತಿ, ಅಣ್ಣ ಬಲರಾಮ ಅವಳನ್ನು ದುರ್ಯೋಧನನಿಗೆ ಕೊಡಲು ಹೊರಟಿದ್ದಾನೆ. ಮನೆಯಲ್ಲಿ ಇಷ್ಟು ದೊಡ್ಡ ಸಂಕಟವಿರುವಾಗ ಯಾರಾದರೂ ತಂಬೂರಿಯ ಶ್ರುತಿಗೆ ಹೊಂದಿಸಿಕೊಂಡು ಅಳುತ್ತಾರೆಯೇ? ನಮ್ಮ ಮನೆಯಲ್ಲಿ ಸಂಬಂಧ ಮುರಿದಾಗ ಹಾಡು ಹಾಗಿರಲಿ, ಎರಡು ದಿನ ಯಾರೂ ಸರಿಯಾಗಿ ಮಾತನ್ನೇ ಆಡಲಿಲ್ಲ.”

“ಅದಕ್ಕೇ ನಿಮ್ಮ ಮನೆಯ ಸಂಕಟವನ್ನು ನೋಡಲು ಯಾರೂ ಟಿಕೇಟು ಕೊಳ್ಳುವುದಿಲ್ಲ” ಎಂದು ಪದ್ದಕ್ಕ ಅಡುಗೆಮನೆಯ ಬಾಗಿಲಿನಿಂದಲೇ ಹೇಳಿದರು.

ರಾಯರು ಸೋಲುವವರಲ್ಲ. ತಮ್ಮ ತಕರಾರನ್ನು ಅವರು ವೃತ್ತಿಗೆ ತಕ್ಕ ಭಾಷೆಯಲ್ಲೇ ಮಂಡಿಸಿದರು: ಪುಸ್ತಕದಲ್ಲಿ ಒಂದು ಖರ್ಚು ಬರೆದಿದ್ದರೆ ಅದಕ್ಕೆ ವೋಚರ್ ಇರಬೇಕು, ಹಾಗೆಯೇ ನಾಟಕದಲ್ಲಿ ಒಂದು ಹಾಡು ಬಂದರೆ ಅದು ಏಕೆ ಬಂತು, ಯಾರ ಅನುಮತಿಯಿಂದ ಬಂತು, ವಾದ್ಯದವರಿಗೆ ಅದು ಮೊದಲೇ ಹೇಗೆ ಗೊತ್ತಿತ್ತು ಎಂಬುದಕ್ಕೆಲ್ಲ ದಾಖಲೆ ಬೇಕು. “ವಸಂತರಾವ್ ದೇಶಪಾಂಡೆಯವರು ಖಾನ್‌ಸಾಹೇಬರಾಗಿ ಹಾಡಿದ 1967ರ ‘ಕಟ್ಯಾರ್ ಕಾಳಜಾತ್ ಘುಸಲೀ’ ನಾಟಕದ ಬಗ್ಗೆ ನನ್ನ ಆಕ್ಷೇಪವಿಲ್ಲ. ಅಲ್ಲಿ ಪಾತ್ರಗಳೇ ಗಾಯಕರು, ಜಗಳವೇ ಗಾಯನದ ಬಗ್ಗೆ. ವೋಚರ್ ಇದೆ, ಸಹಿ ಇದೆ, ಪಾಸು ಮಾಡಿದ್ದೇನೆ.”

ಈ ತರ್ಕವನ್ನು ಒಪ್ಪಿದರೆ ರಂಗದ ಮೇಲೆ ಗಾಯಕರು, ಸಂಗೀತದ ಮೇಷ್ಟ್ರುಗಳು ಮತ್ತು ಸ್ನಾನಗೃಹದಲ್ಲಿರುವವರು ಮಾತ್ರ ಹಾಡಬಹುದು ಎಂದಾಗುತ್ತದೆ. ನಾನು ಅದನ್ನು ಹೇಳುವಷ್ಟರಲ್ಲಿ ಶೆಟ್ಟರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಕುಂದಾಪುರದ ಕಡೆಯ ಶೆಟ್ಟರು ಹೋಟೆಲನ್ನು ಮಗನಿಗೆ ವಹಿಸಿಕೊಟ್ಟ ಮೇಲೆ, ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳ ತಿರುಗಾಟ ಮುಗಿದು ಕಲಾವಿದರು ಮುಂಬಯಿಗೆ ಬಂದಾಗ ಒಂದು ಆಟವನ್ನೂ ತಪ್ಪಿಸಿದವರಲ್ಲ. ಕಾಳಿಂಗ ನಾವಡರ ಭಾಗವತಿಕೆಯನ್ನು ಕೇಳಿದವರು ಎಂಬ ಒಂದೇ ಅರ್ಹತೆಯಿಂದ ಅವರು ಜಗತ್ತಿನ ಯಾವ ಗಾಯಕನ ಬಗ್ಗೆಯಾದರೂ ಅಭಿಪ್ರಾಯ ಕೊಡಬಲ್ಲರು.

“ರಾಯರೇ, ನಿಮ್ಮ ಕಾಯಿಲೆಗೆ ನಮ್ಮಲ್ಲಿ ಯಾವತ್ತೋ ಮದ್ದು ಕಂಡುಹಿಡಿದಿದ್ದಾರೆ. ಯಕ್ಷಗಾನದಲ್ಲಿ ಅರ್ಜುನ ಹಾಡುವುದೇ ಇಲ್ಲ. ಹಾಡುವವರು ಭಾಗವತರು, ಅರ್ಜುನ ಕುಣಿಯುತ್ತಾನೆ, ಆಮೇಲೆ ಅರ್ಥ ಹೇಳುತ್ತಾನೆ. ‘ಈ ಮನುಷ್ಯ ಏಕೆ ಹಾಡುತ್ತಿದ್ದಾನೆ’ ಎಂಬ ಪ್ರಶ್ನೆ ಹುಟ್ಟುವ ಜಾಗವೇ ಅಲ್ಲಿಲ್ಲ. ಭಾಗವತರಿಗೆ ಹಾಡುವುದೇ ಕೆಲಸ, ಅದಕ್ಕೆ ಅವರಿಗೆ ಸಂಬಳವಿದೆ. ಸಂಬಳಕ್ಕಿಂತ ದೊಡ್ಡ ವೋಚರ್ ಬೇಕೇ?”

ರಾಯರು ಇದನ್ನು ನಿರೀಕ್ಷಿಸಿರಲಿಲ್ಲ. ಮೂಗಿನ ಮೇಲೆ ಕನ್ನಡಕವನ್ನು ಏರಿಸಿಕೊಂಡು, “ಆ ವ್ಯವಸ್ಥೆ ಶಿಸ್ತಿನದು” ಎಂದು ಒಪ್ಪಿಕೊಂಡರು. “ಹಾಗಾದರೆ ಮರಾಠಿಯವರು ಅದನ್ನು ಏಕೆ ಕೈಬಿಟ್ಟರು?”

ಇದು ಮಾಸ್ತರರಿಗಾಗಿಯೇ ಹುಟ್ಟಿದ ಪ್ರಶ್ನೆ. ಧಾರವಾಡದಿಂದ ಬಂದು ಮುಂಬಯಿ ಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಅವರು, ಯಾರಾದರೂ ‘ಏಕೆ’ ಎಂದರೆ 19ನೆಯ ಶತಮಾನಕ್ಕಿಂತ ಈಚೆಗೆ ಉತ್ತರವನ್ನು ಆರಂಭಿಸುವುದಿಲ್ಲ. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ವನ್ನು ಆಡಿಸಿದರು, ಕರ್ನಾಟಕದಿಂದ ಬಂದ ಭಾಗವತ ಮೇಳದ ಆಟವೇ ಅದಕ್ಕೆ ಪ್ರೇರಣೆ, ಅದರಲ್ಲಿಯೂ ಸೂತ್ರಧಾರನೇ ಪದಗಳನ್ನು ಹಾಡುತ್ತಿದ್ದ, ಪಾತ್ರಧಾರಿಗಳು ಆಶುವಾಗಿ ಮಾತನಾಡುತ್ತಿದ್ದರು. ಇಲ್ಲಿಯವರೆಗೆ ಶೆಟ್ಟರ ಮುಖ ಅರಳಿತ್ತು. ಆದರೆ 1880ರಲ್ಲಿ ಪುಣೆಯಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದಾಗ ಹಾಡನ್ನು ಸೂತ್ರಧಾರನ ಬಾಯಿಂದ ತೆಗೆದು ಪಾತ್ರಗಳ ಬಾಯಿಗೇ ಇಟ್ಟರು. ದುಷ್ಯಂತನ ಹಾಡನ್ನು ದುಷ್ಯಂತನೇ, ಶಕುಂತಲೆಯ ಹಾಡನ್ನು ಶಕುಂತಲೆಯೇ ಹಾಡಬೇಕು. ಹಾಡುಗಳಾದರೂ ನೂರಕ್ಕೂ ಹೆಚ್ಚು. ಎರಡು ವರ್ಷಗಳ ನಂತರ ಬಂದ ‘ಸೌಭದ್ರ’ವೂ ಇದೇ ದಾರಿಯದು.

“ಇಷ್ಟು ಮಾಡಿದವರು ಯಾವ ಊರಿನವರು ಗೊತ್ತೇ? ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರ ನಾಟಕಗಳ ಮಟ್ಟುಗಳಲ್ಲಿ ಕನ್ನಡದವೂ ಸೇರಿವೆ” ಎಂದು ಮಾಸ್ತರರು ಹೆಮ್ಮೆಯಿಂದ ಸೇರಿಸಿದರು.

“ಅಂದರೆ ಭಾಗವತರನ್ನು ಕಳಿಸಿದವರೂ ನಾವೇ, ಭಾಗವತರ ಕೆಲಸ ಕಳೆದವರೂ ನಾವೇ” ಎಂದು ಶೆಟ್ಟರು ನಿಟ್ಟುಸಿರುಬಿಟ್ಟರು.

ನನಗೆ ಕಂಡದ್ದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಆ ದಿನ ಐವರ ನಡುವೆ ಅದನ್ನು ಪೂರ್ತಿ ಹೇಳಲು ಯಾರೂ ಬಿಡಲಿಲ್ಲ. ಹಾಡು ಪಾತ್ರದ ಬಾಯಿಗೆ ಬಂದ ಆ ಗಳಿಗೆಯಿಂದಲೇ ಸಂಗೀತ ನಾಟಕಕ್ಕೆ ಭಕ್ತರೂ ವೈರಿಗಳೂ ಒಟ್ಟಿಗೆ ಹುಟ್ಟಿದರು. ಮಾತು ನಿಂತು ಹಾಡು ಏಳುವ ನಡುವೆ ಅರ್ಧ ನಿಮಿಷದ ಒಂದು ಸಂದಿಯಿದೆ. ಹಾರ್ಮೋನಿಯಂನವನು ಸ್ವರ ಹಿಡಿಯುತ್ತಾನೆ, ನಟ ಎರಡು ಹೆಜ್ಜೆ ಮುಂದೆ ಬರುತ್ತಾನೆ, ಇದುವರೆಗೆ ಮಾತನಾಡುತ್ತಿದ್ದ ಎದುರು ಪಾತ್ರ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಸೆರಗು ಸರಿಪಡಿಸಿಕೊಳ್ಳುತ್ತದೆ. ರಾಯರಂಥವರಿಗೆ ಆ ಅರ್ಧ ನಿಮಿಷದಲ್ಲಿ ನಟನ ಪರವಾಗಿ ವಿಪರೀತ ಸಂಕೋಚವಾಗುತ್ತದೆ. ತಾವೇ ಮದುವೆಮನೆಯಲ್ಲಿ ಎದ್ದು ನಿಂತು ಹಾಡಬೇಕಾದಂತೆ ಅವರ ಕಿವಿ ಕೆಂಪಾಗುತ್ತದೆ. ಅವರಿಗೆ ಹಾಡಿನ ಮೇಲೆ ದ್ವೇಷವಿಲ್ಲ. ಬೆಳಿಗ್ಗೆ ಗಡ್ಡ ಹೆರೆಯುವಾಗ ಮಲ್ಲಿಕಾರ್ಜುನ ಮನ್ಸೂರರನ್ನು ಕೇಳುವ ಮನುಷ್ಯ ಅವರು. ಆ ಮನ್ಸೂರರೇ ಎಳೆಯ ವಯಸ್ಸಿನಲ್ಲಿ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ ಪಾತ್ರ ಮಾಡಿಕೊಂಡು ಹಾಡುತ್ತಿದ್ದರು ಎಂಬುದನ್ನು ಮಾತ್ರ ಅವರು ಜಾಣತನದಿಂದ ಮರೆಯುತ್ತಾರೆ.

ಸಿನಿಮಾದಲ್ಲಿ ಇದೇ ರಾಯರಿಗೆ ಸಂಕೋಚವಿಲ್ಲ. 1932ರ ‘ಇಂದ್ರಸಭಾ’ ಚಿತ್ರದಲ್ಲಿ ಸುಮಾರು 70 ಹಾಡುಗಳಿದ್ದವಂತೆ ಎಂದು ಮಾಸ್ತರರು ಹೇಳಿದಾಗಲೂ ಅವರು ಬೆಚ್ಚಲಿಲ್ಲ. “ಸಿನಿಮಾದಲ್ಲಿ ಹಾಡು ಆರಂಭವಾದ ಕೂಡಲೇ ಊರು ಬದಲಾಗುತ್ತದೆ, ಬಟ್ಟೆ ಬದಲಾಗುತ್ತದೆ, ಕಂಠವೂ ಬೇರೆಯವರದು. ಎಲ್ಲವೂ ಸುಳ್ಳು ಎಂದು ಅವರೇ ಘೋಷಿಸಿದ ಮೇಲೆ ನಾನೇಕೆ ತಕರಾರು ಮಾಡಲಿ?” ಎಂಬುದು ಅವರ ವಾದ. ವಾದದಲ್ಲಿ ಹುರುಳಿದೆ ಎಂದು ನಾನು ಒಪ್ಪುತ್ತೇನೆ. ರಂಗದ ಮೇಲಿನ ನಟನಿಗೆ ಓಡಿಹೋಗಲು ಊಟಿಯಿಲ್ಲ. ಈಗಷ್ಟೇ ಮಾತನಾಡಿದ ಅದೇ ಬಾಯಿಂದ, ಅದೇ ಜಾಗದಲ್ಲಿ ನಿಂತು, ನಮ್ಮ ಕಣ್ಣೆದುರಿಗೆ ಹಾಡಬೇಕು; ಸ್ವರ ಜಾರಿದರೆ ಎರಡನೆಯ ಟೇಕ್ ಇಲ್ಲ.

“ಅದೇ ತಾನೇ ಸೊಗಸು!” ಎಂದು ಪದ್ದಕ್ಕ ಕಾಫಿಯ ತಟ್ಟೆಯೊಂದಿಗೆ ಹೊರಗೆ ಬಂದರು. ಮಂಗಳವಾರದ ಭಜನಾ ಮಂಡಳಿಯಲ್ಲಿ ಮೊದಲ ಸಾಲು ಎತ್ತುವವರು ಅವರೇ ಆದ್ದರಿಂದ, ನಾಲ್ಕು ಜನರ ಮುಂದೆ ಬಾಯಿ ತೆರೆಯುವ ಭಯ ಎಂಥದೆಂದು ನಮ್ಮಲ್ಲಿ ಬಲ್ಲವರು ಅವರೊಬ್ಬರೇ. “ಮೇಲಿನ ಷಡ್ಜಕ್ಕೆ ಹೋಗುವ ಮುನ್ನ ಹಾಡುವವರು ಉಸಿರು ಎಳೆದುಕೊಳ್ಳುತ್ತಾರಲ್ಲ, ಆಗ ಇಡೀ ಸಭೆ ಅವರೊಂದಿಗೆ ಉಸಿರು ಎಳೆದುಕೊಳ್ಳುತ್ತದೆ. ಮುಟ್ಟಿದರೆ ನಾವೇ ಮುಟ್ಟಿದಂತೆ. ನಿಮಗೆ ಕಿವಿ ಕೆಂಪಾಗುವುದೂ ಅದಕ್ಕೇ, ನನಗೆ ಮೈ ಜುಮ್ಮೆನ್ನುವುದೂ ಅದಕ್ಕೇ.”

ಹೆಣ್ಣಿನ ಪಾತ್ರಗಳಿಗೆ ಹೆಸರಾದ ಮರಾಠಿ ಗಾಯಕನಟ ಬಾಲಗಂಧರ್ವರ ಹೆಸರು ಬಾರದೆ ಈ ವಿಷಯದ ಮಾತು ಮುಗಿಯುವುದು ಮುಂಬಯಿಯಲ್ಲಿ ಸಾಧ್ಯವಿಲ್ಲ, ಬಂತು. 1919ರ ‘ಏಕಚ್ ಪ್ಯಾಲಾ’ ನಾಟಕದಲ್ಲಿ ಕುಡುಕನ ಹೆಂಡತಿ ಸಿಂಧು ಹರಕು ಸೀರೆಯುಟ್ಟು ಹಾಡುತ್ತಾಳೆ. ಆ ಪಾತ್ರ ಮಾಡುತ್ತಿದ್ದವರು ಬಾಲಗಂಧರ್ವರು, ಎದುರಿಗೆ ಕುಳಿತವರು ಕಣ್ಣೊರೆಸಿಕೊಳ್ಳುತ್ತಿದ್ದರು. ರಾಯರು ಇದನ್ನು ಕೇಳಿ, “ಮನೆಯಲ್ಲಿ ಅಕ್ಕಿಯಿಲ್ಲ, ಆದರೆ ಅವರ ಕಂಪನಿಯ ತಬಲಾಕ್ಕೆ ಅಹಮದ್ ಜಾನ್ ತಿರಖವಾ! ಆ ಮನೆಯ ಆಯವ್ಯಯವನ್ನು ನಾನು ಹೇಗೆ ಒಪ್ಪಲಿ?” ಎಂದರು. ಅಂಥ ದೊಡ್ಡ ಉಸ್ತಾದರು ಗಂಧರ್ವ ನಾಟಕ ಮಂಡಳಿಯಲ್ಲಿ ಇದ್ದದ್ದು ನಿಜವಾದ್ದರಿಂದ ನಾವು ಯಾರೂ ತಕ್ಷಣ ಉತ್ತರ ಕೊಡಲಿಲ್ಲ.

ಇನ್ನು ‘ವನ್ಸ್ ಮೋರ್’. ರಾಯರ ದೋಷಾರೋಪ ಪಟ್ಟಿಯಲ್ಲಿ ಇದು ಎಲ್ಲಕ್ಕಿಂತ ಭಾರವಾದದ್ದು, ಮತ್ತು ಇಲ್ಲಿ ನಾನೂ ಅರ್ಧ ಅವರ ಪಕ್ಷವೇ. ಕಥೆ ಮುಂದೆ ಸಾಗಲು ಕಾತರಿಸುತ್ತಿರುವಾಗ ಪ್ರೇಕ್ಷಕರು ಕೂಗಿ ಅದನ್ನು ಹಿಂದಕ್ಕೆ ಕರೆಯುತ್ತಾರೆ. ವಿರಹದಿಂದ ಬಳಲಿ ಕುಸಿದ ನಾಯಕಿ ಎದ್ದು, ಸೆರಗು ಕೊಡವಿ, ಮೊದಲಿಗಿಂತ ಚುರುಕಾಗಿ ಅದೇ ವಿರಹವನ್ನು ಮತ್ತೊಮ್ಮೆ ಹಾಡುತ್ತಾಳೆ. ನಮ್ಮ ಕಂಪನಿ ನಾಟಕಗಳಲ್ಲಿಯೂ ಇದು ಕಡಿಮೆಯಿರಲಿಲ್ಲ. ಆದರೆ ಮಾಸ್ತರರು ಇದಕ್ಕೊಂದು ಲೆಕ್ಕ ಹೇಳಿದರು. ಆಗ ಊರಿಗೊಂದು ಗ್ರಾಮಾಫೋನು ಸಿಕ್ಕರೆ ಪುಣ್ಯ. ಒಂದು ಹಾಡನ್ನು ಎರಡನೆಯ ಸಲ ಕೇಳಬೇಕಾದರೆ ಇದ್ದ ದಾರಿ ಕೂಗುವುದೊಂದೇ. ಇಂದು ರಾಯರು ಮೊಬೈಲಿನಲ್ಲಿ ಮನ್ಸೂರರ ಒಂದೇ ಆಲಾಪವನ್ನು ಮತ್ತೆಮತ್ತೆ ಹಿಂದಕ್ಕೆ ಎಳೆದು ಕೇಳುವುದೂ ವನ್ಸ್ ಮೋರೇ, ಕೂಗುವುದಿಲ್ಲ ಅಷ್ಟೇ. ಜೊತೆಗೆ ಆ ಕಾಲದ ಪ್ರಯೋಗಗಳು ರಾತ್ರಿ ಶುರುವಾದರೆ ಬೆಳಗಿನ ಜಾವದವರೆಗೂ ನಡೆಯುತ್ತಿದ್ದವು, ಯಾರಿಗೂ ಅವಸರವಿರಲಿಲ್ಲ. ಈಗ ಮುಂಬಯಿಯ ನಾಟ್ಯಗೃಹಗಳಲ್ಲಿ ಎಲ್ಲರ ಮನಸ್ಸೂ ಕೊನೆಯ ಲೋಕಲ್ ರೈಲಿನ ಮೇಲಿರುತ್ತದೆ. ಹಳೆಯ ನಾಟಕಗಳ ಪದಗಳನ್ನು ಕತ್ತರಿಸಿ ಮೂರು ಗಂಟೆಯೊಳಗೆ ತಂದ ಸಂಪಾದಕರಲ್ಲಿ ರೈಲ್ವೆ ವೇಳಾಪಟ್ಟಿಗೂ ಒಂದು ಪಾಲು ಸಲ್ಲಬೇಕು.

“ಮರಾಠಿಯನ್ನು ಬಿಡಿ, ಕನ್ನಡವನ್ನೂ ಬಿಡಿ” ಎಂದು ಪದ್ದಕ್ಕ ದೊಡ್ಡ ಅಸ್ತ್ರವನ್ನೇ ತೆಗೆದರು. 2025ರಲ್ಲಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ನೀತಾ ಮುಕೇಶ್ ಅಂಬಾನಿ ಸಾಂಸ್ಕೃತಿಕ ಕೇಂದ್ರಕ್ಕೆ ‘ದಿ ಫ್ಯಾಂಟಮ್ ಆಫ್ ದಿ ಒಪೆರಾ’ ಎಂಬ ಇಂಗ್ಲಿಷ್ ಸಂಗೀತ ನಾಟಕ ಬಂದಾಗ ಸೊಸೆ ಅವರನ್ನು ಕರೆದೊಯ್ದಿದ್ದಳು. ಅಲ್ಲಿ 2023ರಲ್ಲಿ ‘ದಿ ಸೌಂಡ್ ಆಫ್ ಮ್ಯೂಸಿಕ್’ ಬಂದಾಗಲೂ ಹೋಗಿದ್ದರು. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ 1988ರಿಂದ 2023ರವರೆಗೆ ‘ಫ್ಯಾಂಟಮ್’ 13,981 ಪ್ರಯೋಗಗಳನ್ನು ಕಂಡಿತೆಂಬುದನ್ನು ಸೊಸೆಯಿಂದ ಕೇಳಿ ಬಾಯಿಪಾಠ ಮಾಡಿಕೊಂಡು ಬಂದಿದ್ದರು; ಅಂಕಿ ಹೇಳಿದರೆ ರಾಯರು ತಣ್ಣಗಾಗುತ್ತಾರೆಂಬುದು ಅವರಿಗೆ ತಿಳಿದಿತ್ತು.

“ಅರ್ಧ ಮಾತು ನನಗೆ ತಿಳಿಯಲಿಲ್ಲ ರಾಯರೇ. ಆದರೆ ಅವರು ಆ ಸಂದಿಯನ್ನು ಹೇಗೆ ಮುಚ್ಚುತ್ತಾರೆ ನೋಡಬೇಕು. ಪಾತ್ರ ಇನ್ನೂ ಮಾತನಾಡುತ್ತಿರುವಾಗಲೇ ಕೆಳಗಿನಿಂದ ವಾದ್ಯಗಳು ಸಣ್ಣಗೆ ಶುರುವಾಗಿರುತ್ತವೆ. ಮಾತು ಯಾವಾಗ ಸ್ವರಕ್ಕೆ ಏರಿತು ಎಂಬುದೇ ಗೊತ್ತಾಗುವುದಿಲ್ಲ. ಹೆಚ್ಚಿನ ಕಡೆ ಮಾತೇ ಇಲ್ಲ, ಎಲ್ಲವೂ ಹಾಡೇ. ಎಲ್ಲವೂ ಹಾಡಾದ ಮೇಲೆ ಏಕೆ ಹಾಡುತ್ತಾರೆಂದು ಕೇಳುವುದಕ್ಕೆ ಬಿಡುವೆಲ್ಲಿ? ಆಮೇಲೆ ಆ ದೀಪದ ಗೊಂಚಲು ತಲೆಯ ಮೇಲಿನಿಂದ ಬೀಳುವುದು…”

“ಅದು ಒಪೆರಾ ಮನೆಯ ಕಥೆ, ನಾಯಕಿ ಗಾಯಕಿ. ವೋಚರ್ ಇದೆ” ಎಂದರು ರಾಯರು, ತಾವೂ ಒಂದಿಷ್ಟು ಓದಿಕೊಂಡಿದ್ದೇವೆಂದು ತೋರಿಸುವ ಗತ್ತಿನಲ್ಲಿ.

“ಮುಖವಾಡದವನು ನೆಲಮಾಳಿಗೆಯ ಕೆರೆಯಲ್ಲಿ ದೋಣಿ ನಡೆಸುತ್ತಾ ಹಾಡುತ್ತಾನಲ್ಲ, ಅದಕ್ಕೆ?”

ರಾಯರು ಸ್ವಲ್ಪ ಯೋಚಿಸಿ, “ಅದು ಇತರೆ ವೆಚ್ಚ” ಎಂದರು.

ಶೆಟ್ಟರಿಗೆ ಪರದೇಶದ ನಾಟಕಗಳ ಮೇಲೆ ಬೇರೆಯೇ ದೂರು. ಅಲ್ಲಿಯ ನಟರ ಕೂದಲಂಚಿನಲ್ಲಿ ಕಾಣದಂತೆ ಮೈಕು ಅಂಟಿಸಿರುತ್ತಾರೆ, ಆದ್ದರಿಂದ ಯಾರ ಕಂಠ ಎಲ್ಲಿಂದ ಬರುತ್ತಿದೆ ಎಂದು ತಿಳಿಯುವುದಿಲ್ಲ. ಚೆಂಡೆಯ ಪೆಟ್ಟು ಎದೆಗೆ ನೇರವಾಗಿ ಬಡಿಯುವ ಸುಖ ಧ್ವನಿವರ್ಧಕದಲ್ಲಿ ಸಿಗದು ಎಂದರು. ಈಚೆಗೆ ಭಾಗವತರ ಮುಂದೆಯೂ ಮೈಕು ಇರುತ್ತದೆಂದು ನಾನು ನೆನಪಿಸಿದಾಗ, “ಅದು ಹಿಂದಿನ ಸಾಲಿನವರಿಗಾಗಿ, ನಾನು ಮುಂದಿನ ಸಾಲಿನವನು” ಎಂದು ವಿಷಯವನ್ನು ಮುಗಿಸಿದರು. ಟಿಕೇಟಿನ ದರದ ಬಗ್ಗೆ ಪದ್ದಕ್ಕನನ್ನು ಯಾರೂ ಕೇಳಲಿಲ್ಲ; ಸೊಸೆ ಕೊಂಡದ್ದರಿಂದ ಅವರೂ ಕೇಳಿಕೊಂಡಿರಲಿಲ್ಲ.

ಅಮೆರಿಕದವರಿಗೂ ರಾಯರ ಕಾಯಿಲೆ ಇತ್ತೆಂದು ಮಾಸ್ತರರು ವಿವರಿಸಿದರು. ಹಿಂದೆ ಅಲ್ಲಿಯೂ ಕಥೆ ಒಂದು ದಿಕ್ಕಿಗೆ, ಹಾಡುಕುಣಿತ ಇನ್ನೊಂದು ದಿಕ್ಕಿಗೆ ಎಂಬಂತಹ ಪ್ರದರ್ಶನಗಳು ಬಹಳವಿದ್ದವು. 1927ರ ‘ಷೋ ಬೋಟ್’, ಆಮೇಲೆ 1943ರ ‘ಓಕ್ಲಹೋಮಾ’ದಂತಹವು ಬಂದು, ಹಾಡು ಮುಗಿಯುವ ಹೊತ್ತಿಗೆ ಕಥೆಯೂ ಒಂದು ಹೆಜ್ಜೆ ಮುಂದೆ ಹೋಗಿರಬೇಕೆಂಬ ನಿಯಮಕ್ಕೆ ಬಲ ಬಂತು. “ಅದನ್ನು ಭರತ ಮುನಿ ಮೊದಲೇ ಹೇಳಿದ್ದಾನೆ” ಎಂಬ ವಾಕ್ಯ ಬಂದೇ ಬರುತ್ತದೆಂದು ನಾವು ಕಾದಿದ್ದೆವು, ಮಾಸ್ತರರು ನಿರಾಶೆಗೊಳಿಸಲಿಲ್ಲ. ನಾಟ್ಯಶಾಸ್ತ್ರ ಐದು ಬಗೆಯ ಧ್ರುವಾಗಾನಗಳನ್ನು ಹೇಳುತ್ತದೆ: ಪಾತ್ರ ಬರುವಾಗ ಒಂದು, ಹೋಗುವಾಗ ಒಂದು, ಭಾವ ಥಟ್ಟನೆ ತಿರುಗಿದಾಗ ಒಂದು, ಕಲಕಿದ ಮನಸ್ಸನ್ನು ತಿಳಿಗೊಳಿಸಲು ಒಂದು, ನಡುವೆ ತೆರಪು ಬಿದ್ದಾಗ ಅದನ್ನು ತುಂಬಲು ಇನ್ನೊಂದು. ಯಾವ ಹಾಡು ಯಾವ ಹೊತ್ತಿಗೆಂದು ಎಲ್ಲವೂ ಅಲ್ಲಿ ನಿಗದಿಯಾಗಿದೆ.

“ಅಂದರೆ ವೋಚರ್ ಪದ್ಧತಿ ಪ್ರಾಚೀನವಾದದ್ದು” ಎಂದು ರಾಯರು ಗೆದ್ದವರಂತೆ ನಕ್ಕರು. ಭರತ ಮುನಿ ಲೆಕ್ಕಪರಿಶೋಧಕರ ಪಕ್ಷಕ್ಕೆ ಸೇರಿದ್ದನ್ನು ಕಂಡು ಮಾಸ್ತರರ ಮುಖ ಸಪ್ಪಗಾಯಿತು.

ಆಗ ನನ್ನ ಬಳಿ ಉಳಿದಿದ್ದ ಒಂದೇ ಬಾಣವನ್ನು ಬಿಟ್ಟೆ. “ರಾಯರೇ, ಬಿ. ವಿ. ಕಾರಂತರು ಆಡಿಸಿದ ಶ್ರೀರಂಗರ ‘ಸತ್ತವರ ನೆರಳು’ ನಾಟಕವನ್ನು ಬೆಂಗಳೂರಿನಲ್ಲಿ ಸಾಲುಸಾಲಾಗಿ ನೋಡಿದೆನೆಂದು ನೀವೇ ಹೇಳುತ್ತಿರುತ್ತೀರಿ. ಅದರ ತುಂಬ ಪುರಂದರದಾಸರ ಪದಗಳು. ನೀವು ಎದ್ದು ಹೊರಗೆ ಹೋದಿರೋ?”

ರಾಯರು ಕಾಫಿಯ ಲೋಟವನ್ನು ಕೆಳಗಿಟ್ಟರು. “ಅದು ಬೇರೆ.”

“ಹೇಗೆ ಬೇರೆ?” ಎಂದು ನಾಲ್ವರೂ ಕೇಳಿದೆವು.

“ಅಲ್ಲಿ ಮೇಳ ಹಾಡುತ್ತದೆ. ಕಥೆಯೊಳಗಿನ ಮೂರ್ಖರನ್ನು ಹೊರಗೆ ನಿಂತು ನೋಡಿ ನಗುವವರ ಹಾಡು ಅದು. ಯಾರೂ ತನ್ನ ದುಃಖವನ್ನು ತಾನೇ ಹಾಡಿಕೊಳ್ಳುತ್ತಾ ನನ್ನ ಮುಖ ನೋಡುವುದಿಲ್ಲ.” ಇಷ್ಟು ಹೇಳಿ, ಹೇಳಬಾರದ್ದನ್ನು ಹೇಳಿದವರಂತೆ ತಟ್ಟನೆ ನಿಲ್ಲಿಸಿದರು.

ಗುಟ್ಟು ಹೊರಬಿತ್ತು. ಗುಬ್ಬಿ ಕಂಪನಿಯಲ್ಲಿ ಬಾಲಕನಾಗಿ ಬೆಳೆದ ಕಾರಂತರು ಕಂಪನಿಯ ಹಾಡನ್ನೂ ಬಿಡಲಿಲ್ಲ, ಯಕ್ಷಗಾನದ ಭಾಗವತನನ್ನೂ ಬಿಡಲಿಲ್ಲ. ಆ ಒಬ್ಬನ ಕೆಲಸವನ್ನು ಹತ್ತಾರು ಕಂಠಗಳ ಗುಂಪಿಗೆ ಹಂಚಿದರು. ರಾಯರಂಥವರಿಗೆ ಆ ಗುಂಪಿನ ಮರೆ ಬೇಕು. ಒಂಟಿ ನಟ ನೇರವಾಗಿ ಎದುರು ನಿಂತು ‘ನನಗೆ ನೋವಾಗಿದೆ’ ಎಂದು ಸ್ವರ ಎತ್ತಿದರೆ, ಅದಕ್ಕೆ ಏನು ಉತ್ತರಿಸಬೇಕೆಂದು ತಿಳಿಯದ ಸಭ್ಯ ಗೃಹಸ್ಥರು ಅವರು. ಬ್ಯಾಂಕಿನ ಸಾಲಿನಲ್ಲಿ ಅಪರಿಚಿತನೊಬ್ಬ ಸಂಸಾರದ ಕಷ್ಟ ಹೇಳತೊಡಗಿದಾಗಲೂ ಅವರು ಹೀಗೆಯೇ ಚಾವಣಿ ನೋಡುತ್ತಾರೆ. ನನ್ನ ಮಟ್ಟಿಗೆ ಸಂಗೀತ ನಾಟಕದ ಅತ್ಯಂತ ಒಳ್ಳೆಯ ಪ್ರೇಕ್ಷಕರು ಇಂಥವರೇ. ನಾವು ತಾಳ ಹಾಕುತ್ತಾ ಕುಳಿತಿರುತ್ತೇವೆ, ಹಾಡು ತಗಲುವುದು ಅವರಿಗೆ. ಇದನ್ನು ನಾನು ಅವರ ಮುಂದೆ ಹೇಳಲಿಲ್ಲ, ಹೇಳಿದ್ದರೆ ಟಿಕೇಟು ಖಂಡಿತ ಹಿಂದಕ್ಕೆ ಬರುತ್ತಿತ್ತು.

ಕಡೆಗೆ ರಾಯರು ಷರತ್ತುಗಳ ಮೇಲೆ ಬರಲು ಒಪ್ಪಿದರು. ಅವರಿಗೆ ದಾರಿಯ ಪಕ್ಕದ ಕುರ್ಚಿಯೇ ಬೇಕು, ಹಾಡು ಬಂದಾಗ ಎದ್ದು ಹೊರಗೆ ಹೋಗಲು ಅನುಕೂಲವಿರಬೇಕು; ವನ್ಸ್ ಮೋರ್ ಎಂದು ಕೂಗುವವರ ಪಕ್ಕದಲ್ಲಿ ಕುಳಿತುಕೊಳ್ಳಲಾರರು; ಮಧ್ಯಂತರದಲ್ಲಿ ಬಟಾಟೆವಡೆ ಶೆಟ್ಟರ ಲೆಕ್ಕದಲ್ಲಿ.

“ಆಗಲಿ” ಎಂದರು ಮಾಸ್ತರರು. “ಆದರೆ ಮೊದಲೇ ಹೇಳಿಬಿಡುತ್ತೇನೆ, ಆರಂಭವೇ ನಾಂದಿಯ ಹಾಡು.”

“ಹಾಗಾದರೆ ನಾಂದಿ ಮುಗಿದ ಮೇಲೆ ಒಳಗೆ ಬರುತ್ತೇನೆ.”

“ನಾರದ ಪ್ರವೇಶಿಸುವುದೇ ಹಾಡುತ್ತಾ.”

“ಅವನು ದಾಟಿಹೋದ ಮೇಲೆ ಬರುತ್ತೇನೆ.”

“ಆಮೇಲೆ ಅರ್ಜುನ ಹಾಡುತ್ತಾನೆ, ಸುಭದ್ರೆ ಹಾಡುತ್ತಾಳೆ, ಕೃಷ್ಣ ಹಾಡುತ್ತಾನೆ” ಎಂದು ಪದ್ದಕ್ಕ ಬೆರಳು ಮಡಿಸತೊಡಗಿದರು.

ರಾಯರು ಟಿಕೇಟನ್ನು ಮಡಿಸಿ ಜೇಬಿಗೆ ಸೇರಿಸಿಕೊಂಡು, “ವಡೆ ಎಷ್ಟು ಗಂಟೆಗೆ ಎಂಬುದನ್ನಷ್ಟೇ ಶೆಟ್ಟರು ಫೋನಿನಲ್ಲಿ ತಿಳಿಸಿದರೆ ಸಾಕು” ಎಂದರು.